ಹೊಳೆಯನ್ನು ಓದುವ ವಿದ್ಯೆ

ಬಯಲುನಾಡಿನಲ್ಲಿ ಗಂಭೀರವಾಗಿ ಹರಿಯುವ ನದಿಯಲ್ಲಿ ದೋಣಿ ನಡೆಸುವುದು ಒಂದು ಬಗೆಯ ಕೆಲಸ. ಬೆಟ್ಟಗಳ ನಡುವೆ ಬಂಡೆಯಿಂದ ಬಂಡೆಗೆ ಚಿಮ್ಮುತ್ತ, ನೊರೆಗಟ್ಟಿ ಮೊರೆಯುತ್ತ ಇಳಿಯುವ ನದಿಯಲ್ಲಿ ದೋಣಿ ನಡೆಸುವುದು ಬೇರೆಯೇ ಒಂದು ಬಗೆಯ ಕೆಲಸ. ಮೊದಲನೆಯದಕ್ಕೆ ತೋಳಿನ ಬಲವೂ ಅಭ್ಯಾಸವೂ ಇದ್ದರೆ ಬಹುಮಟ್ಟಿಗೆ ಸಾಕು. ಎರಡನೆಯದರಲ್ಲಿ ತೋಳಿನ ಬಲವನ್ನೇ ನೆಚ್ಚಿ ಹೊರಟವನು ಹೆಚ್ಚು ದೂರ ಹೋಗಲಾರನು. ಏಕೆಂದರೆ ಅಲ್ಲಿನ ನೀರಿನ ಬಲದೆದುರು ಮನುಷ್ಯನ ಬಲ ಯಾವ ಲೆಕ್ಕಕ್ಕೂ ಇಲ್ಲ. ಆದರೂ ಪ್ರತಿ ವರ್ಷ ಸಾವಿರಾರು ಜನರು ಇಂಥ ನದಿಗಳಲ್ಲಿ ಇಳಿದು ಸುಖವಾಗಿ ದಡ ಸೇರುತ್ತಾರೆ. ಇದು ಹೇಗೆ ಸಾಧ್ಯ? ಹಾಗೆಯೇ, ನೋಡುವುದಕ್ಕೆ ಯಾವ ಅಪಾಯವೂ ಕಾಣದ ಎಡೆಯಲ್ಲಿ, ತೊಡೆಮಟ್ಟದ ನೀರಿನಲ್ಲಿ, ಒಳ್ಳೆಯ ಈಜುಗಾರರೂ ಪ್ರಾಣ ಕಳೆದುಕೊಳ್ಳುವುದೇಕೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಹರಿಯುವ ನೀರು ಕೆಲವು ನಿಯಮಗಳಿಗೆ ಒಳಪಟ್ಟು ನಡೆಯುತ್ತದೆ. ಆ ನಿಯಮಗಳನ್ನು ಬಲ್ಲವನಿಗೆ ನದಿಯ ಮೇಲಿನ ಒಂದೊಂದು ಅಲೆಯೂ ಒಂದೊಂದು ಸೂಚನೆ. ಅರಿಯದವನಿಗೆ ಎಲ್ಲವೂ ಬರಿಯ ನೊರೆ.

ಬೆಟ್ಟದ ನದಿ ಕಡಿದಾಗಿ ಇಳಿದು, ಬಂಡೆಗಳ ನಡುವೆ ನುಗ್ಗುವ ತಾಣಗಳನ್ನು ಇಂಗ್ಲಿಷಿನಲ್ಲಿ ‘ರ‍್ಯಾಪಿಡ್’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ‘ಬಿರುಸೆಳವು’ ಎಂದು ಕರೆಯೋಣ. ಲೋಕದಲ್ಲಿ ಬಿರುಸೆಳವುಗಳಿಗೆ ಬಹು ಪ್ರಸಿದ್ಧವಾದ ನದಿಗಳಲ್ಲೊಂದು ಅಮೆರಿಕದ ಕೊಲರಾಡೊ. ಅದು ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಮರಿಯ ತಳದಲ್ಲಿ ಸುಮಾರು 446 ಕಿಲೋಮೀಟರು ಹರಿಯುತ್ತದೆ. ನದಿಯನ್ನು ಓದುವ ವಿದ್ಯೆಯ ಹಲವು ಪಾಠಗಳನ್ನು ಮನುಷ್ಯನು ಬಹಳ ಬೆಲೆ ತೆತ್ತು ಕಲಿತದ್ದು ಅಲ್ಲಿಯೇ.

ಬೆನ್ನು ತಿರುಗಿಸಿ ಹೊರಟ ದೋಣಿಗಳು

1869ನೆಯ ಇಸವಿ ಮೇ 24ರಂದು ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿಯು ಒಂಬತ್ತು ಮಂದಿ ಸಂಗಡಿಗರೊಡನೆ, ನಾಲ್ಕು ದೋಣಿಗಳಲ್ಲಿ, ಕೊಲರಾಡೊವಿನ ಉಪನದಿಯಾದ ಗ್ರೀನ್ ನದಿಯಿಂದ ಹೊರಟನು. ಅಂತರ್ಯುದ್ಧದಲ್ಲಿ ಅವನು ಬಲಗೈಯನ್ನು ಕಳೆದುಕೊಂಡಿದ್ದನು. ಮುಂದಿರುವ ಕಮರಿಗಳ ಸರಿಯಾದ ನಕ್ಷೆಯೇ ಆಗ ಇರಲಿಲ್ಲ. ಅವರ ದೋಣಿಗಳಲ್ಲಿ ಮೂರು ಓಕ್ ಮರದವು; ಗಟ್ಟಿಯಾದವು, ಭಾರವಾದವು. ಕೆರೆಯಲ್ಲಿ ನೇರವಾಗಿ ಸಾಗುವುದಕ್ಕೆ ಅವು ಚೆನ್ನಾಗಿದ್ದವು. ಬಂಡೆಯೊಂದು ಎದುರಾದಾಗ ಥಟ್ಟನೆ ಪಕ್ಕಕ್ಕೆ ಸರಿಯುವುದು ಅವುಗಳಿಂದ ಆಗುತ್ತಿರಲಿಲ್ಲ. ಅಲ್ಲದೆ ಹುಟ್ಟು ಹಾಕುವವರು ವಾಡಿಕೆಯಂತೆ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿದ್ದರು. ಮುಂದೆ ಬರುವ ಅಪಾಯ ಅವರ ಬೆನ್ನ ಹಿಂದಿತ್ತು!

ಹೊರಟು ಮೂರು ವಾರಗಳೂ ಆಗಿರಲಿಲ್ಲ. ಲೋಡೋರ್ ಎಂಬ ಕಮರಿಯಲ್ಲಿ, ದಡಕ್ಕೆ ಬರಬೇಕೆಂಬ ಸೂಚನೆಯನ್ನು ಹೊತ್ತಿಗೆ ಸರಿಯಾಗಿ ಪಾಲಿಸಲಾಗದೆ, ಒಂದು ದೋಣಿ ಬಿರುಸೆಳವಿಗೆ ಸಿಕ್ಕಿ ಬಂಡೆಗೆ ಬಡಿದು ಒಡೆದುಹೋಯಿತು. ಅದರಲ್ಲಿದ್ದ ಮೂವರು ಬದುಕಿಕೊಂಡರು. ಆಹಾರಸಾಮಗ್ರಿಯ ದೊಡ್ಡದೊಂದು ಭಾಗ ನೀರಿನ ಪಾಲಾಯಿತು. ಆ ಬಳಿಕ ಪೊವೆಲನು ಪ್ರತಿಯೊಂದು ಕಠಿಣವಾದ ತಾಣದ ಮೇಲುಗಡೆಯಲ್ಲಿಯೂ ದೋಣಿಗಳನ್ನು ದಡಕ್ಕೆ ಹಚ್ಚಿ, ನಡೆದು ಹೋಗಿ ನೋಡಿ, ಸಾಧ್ಯವಿಲ್ಲವೆನಿಸಿದ ಕಡೆ ದೋಣಿಗಳನ್ನು ಹಗ್ಗ ಕಟ್ಟಿ ಇಳಿಸುತ್ತಲೋ ಹೊತ್ತು ಸಾಗಿಸುತ್ತಲೋ ಮುಂದುವರಿದನು. ಕೊನೆಯ ದಿನಗಳಲ್ಲಿ ಮೂವರು ಸಂಗಡಿಗರು ಮುಂದಿನ ಬಿರುಸೆಳವನ್ನು ಕಂಡು, ನದಿಯನ್ನು ಬಿಟ್ಟು ಕಮರಿಯ ಗೋಡೆ ಹತ್ತಿ ಹೋದರು. ಅವರು ಮತ್ತೆ ಹಿಂದಿರುಗಲಿಲ್ಲ. ಉಳಿದ ಆರು ಮಂದಿ ಎರಡು ದೋಣಿಗಳಲ್ಲಿ ಆಗಸ್ಟ್ ತಿಂಗಳ ಅಂತ್ಯದಲ್ಲಿ ಕಮರಿಯಿಂದ ಹೊರಬಿದ್ದರು.

ಈ ಪ್ರಯಾಣ ನಡೆದ ಸುಮಾರು ಕಾಲು ಶತಮಾನದ ಮೇಲೆ ನಥಾನಿಯಲ್ ಗ್ಯಾಲೊವೇ ಎಂಬ ಬೇಟೆಗಾರನು ಬಹು ಸರಳವಾದ ಒಂದು ಉಪಾಯವನ್ನು ಬಳಕೆಗೆ ತಂದನು. ಅವನು ಹಗುರವಾದ, ಚಪ್ಪಟೆ ತಳದ ದೋಣಿಯನ್ನು ಕಟ್ಟಿಕೊಂಡು, ಹೋಗುವ ದಿಕ್ಕಿಗೇ ಮುಖಮಾಡಿ ಕುಳಿತು, ಹುಟ್ಟುಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯುತ್ತಿದ್ದನು. ಎಂದರೆ, ನೀರು ಅವನನ್ನು ಕೆಳಕ್ಕೆ ಒಯ್ಯುತ್ತಿರುವಾಗ ಅವನು ಮೇಲಕ್ಕೆ ಹೋಗಲು ಯತ್ನಿಸುತ್ತಿದ್ದನು. ಇದು ವ್ಯರ್ಥ ಶ್ರಮವೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡಿದರೆ ಇದರ ಜಾಣ್ಮೆ ತಿಳಿಯುತ್ತದೆ.

ನೀರು ಸೆಕೆಂಡಿಗೆ 3 ಮೀಟರು ವೇಗದಲ್ಲಿ ಹರಿಯುತ್ತಿದೆ ಎಂದುಕೊಳ್ಳೋಣ. 60 ಮೀಟರು ಮುಂದೆ ಒಂದು ಬಂಡೆ ಇದೆ. ಹುಟ್ಟು ಹಾಕಿ ನಿಶ್ಚಲವಾದ ನೀರಿನಲ್ಲಿ ಸೆಕೆಂಡಿಗೆ ಒಂದೂವರೆ ಮೀಟರು ವೇಗವನ್ನು ಪಡೆಯಬಹುದು. ಅಂಬಿಗನು ದೋಣಿಯನ್ನು ಪ್ರವಾಹಕ್ಕೆ 45 ಅಂಶ ಓರೆಯಾಗಿ ತಿರುಗಿಸಿ ಮುಂದಕ್ಕೆ ಹುಟ್ಟು ಹಾಕಿದರೆ, ಸುಮಾರು 15 ಸೆಕೆಂಡುಗಳಲ್ಲಿ ಬಂಡೆಯ ಮಟ್ಟಕ್ಕೆ ಬಂದಿರುತ್ತಾನೆ; ಆ ಅವಧಿಯಲ್ಲಿ ಪಕ್ಕಕ್ಕೆ ಸರಿದಿರುವುದು ಸುಮಾರು 16 ಮೀಟರು. ಅದೇ ಓರೆಯಲ್ಲಿ ಪ್ರವಾಹಕ್ಕೆ ಎದುರಾಗಿ ಎಳೆದರೆ ಬಂಡೆಯ ಮಟ್ಟ ಮುಟ್ಟಲು 31 ಸೆಕೆಂಡುಗಳು ಬೇಕು. ಅಷ್ಟರಲ್ಲಿ ಅವನು ಪಕ್ಕಕ್ಕೆ 33 ಮೀಟರು ಸರಿದಿರುತ್ತಾನೆ. ಶ್ರಮ ಒಂದೇ, ದೋಣಿ ಒಂದೇ. ಸಿಕ್ಕುವ ಕಾಲವೂ ದಾಟುವ ದೂರವೂ ಎರಡರಷ್ಟು. ಹೈಸ್ಕೂಲಿನ ಗಣಿತದಲ್ಲಿ ಬರುವ ವೇಗಗಳ ಸಂಯೋಜನೆಯೇ ಇಲ್ಲಿ ಜೀವ ಉಳಿಸುವ ಸೂತ್ರವಾಗಿದೆ. ಇಂದಿಗೂ ಹುಟ್ಟುಗಳಿಂದ ನಡೆಯುವ ರಬ್ಬರು ತೆಪ್ಪಗಳನ್ನು ಬಿರುಸೆಳವಿನಲ್ಲಿ ನಡೆಸುವ ಕ್ರಮಕ್ಕೆ ಇದೇ ತಳಹದಿ.

ಬಿರುಸೆಳವು ಹುಟ್ಟುವ ಬಗೆ

ಕೊಲರಾಡೊ ನದಿ ಕಮರಿಯ ಉದ್ದಕ್ಕೂ ಒಂದೇ ಸಮನಾಗಿ ಇಳಿಯುವುದಿಲ್ಲ. ಲೂನಾ ಲಿಯೊಪೋಲ್ಡ್ ಎಂಬ ಜಲವಿಜ್ಞಾನಿಯು 1969ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನದಿಯ ಒಟ್ಟು ಇಳಿತದ ಅರ್ಧ ಭಾಗ ಅದರ ಉದ್ದದ ನೂರರಲ್ಲಿ ಒಂಬತ್ತು ಪಾಲಿನಲ್ಲಿ ಮಾತ್ರವೇ ಆಗುತ್ತದೆ. ಉಳಿದುದೆಲ್ಲ ಹೆಚ್ಚುಕಡಿಮೆ ಮಡುಗಳು. ಇದಕ್ಕೆ ಕಾರಣ ಪಕ್ಕದಿಂದ ಬಂದು ಸೇರುವ ಹಳ್ಳಗಳು. ಬಿರುಮಳೆ ಬಂದಾಗ ಈ ಹಳ್ಳಗಳಲ್ಲಿ ಮಣ್ಣು, ಕಲ್ಲು, ಮನೆಗಾತ್ರದ ಬಂಡೆಗಳು ನೀರಿನೊಡನೆ ಕಲಸಿ ಕೆಸರಿನ ಹೊನಲಾಗಿ ಇಳಿದು ಬಂದು ಮುಖ್ಯ ನದಿಯಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡಿಕೊಳ್ಳುತ್ತವೆ. ನದಿಯ ದಾರಿ ಕಿರಿದಾಗುತ್ತದೆ. ಅದರ ಮೇಲ್ಭಾಗದಲ್ಲಿ ನೀರು ಕಟ್ಟಿಕೊಂಡು ಮಡುವಾಗುತ್ತದೆ. ಇಕ್ಕಟ್ಟಿನಲ್ಲಿ ರಭಸದಿಂದ ನುಗ್ಗುತ್ತದೆ.

1966ರ ಡಿಸೆಂಬರಿನಲ್ಲಿ ಇಂಥ ಒಂದು ಘಟನೆ ನಡೆಯಿತು. ಅಲ್ಲಿಯ ವರೆಗೆ ಅಷ್ಟೇನೂ ಹೆಸರಿಲ್ಲದಿದ್ದ ಕ್ರಿಸ್ಟಲ್ ಎಂಬ ಹಳ್ಳವು ಒಂದೇ ಬಿರುಮಳೆಯಲ್ಲಿ ತಂದು ಸುರಿದ ಬಂಡೆಗಳು ಕೊಲರಾಡೊವಿನ ಅಗಲವನ್ನು ಸುಮಾರು ಕಾಲುಭಾಗಕ್ಕೆ ಇಳಿಸಿದುವು. ಅಂದಿನಿಂದ ಕ್ರಿಸ್ಟಲ್ ಬಿರುಸೆಳವು ಆ ನದಿಯ ಅತ್ಯಂತ ಭಯಂಕರ ತಾಣಗಳಲ್ಲಿ ಒಂದಾಗಿದೆ. ಅನುಭವಿಗಳು ‘ಕಳೆದ ವರ್ಷ ಇಳಿದಿದ್ದೇವೆ’ ಎಂಬ ಧೈರ್ಯದಿಂದ ಯಾವ ತಾಣಕ್ಕೂ ನುಗ್ಗುವುದಿಲ್ಲ. ನದಿಯ ಹೆಸರು ಅದೇ ಇದ್ದರೂ ನದಿ ಅದೇ ಆಗಿರಬೇಕಾದುದಿಲ್ಲ.

ನೀರಿನ ಬಲದ ಲೆಕ್ಕ

ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ಹರಿಯುವ ನೀರು ಅಡ್ಡ ನಿಂತ ವಸ್ತುವಿನ ಮೇಲೆ ಹಾಕುವ ಒತ್ತಡ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ವೇಗ ಮುಮ್ಮಡಿಯಾದರೆ ಒತ್ತಡ ಒಂಬತ್ತು ಮಡಿ. ಅರ್ಧ ಚದರ ಮೀಟರಿನಷ್ಟು ಮೈಯನ್ನು ಪ್ರವಾಹಕ್ಕೆ ಒಡ್ಡಿ ನಿಂತ ಮನುಷ್ಯನ ಮೇಲೆ ಬೀಳುವ ಬಲವನ್ನು ಸ್ಥೂಲವಾಗಿ ಲೆಕ್ಕಹಾಕೋಣ. ನೀರಿನ ವೇಗ ಸೆಕೆಂಡಿಗೆ 1 ಮೀಟರು ಇದ್ದರೆ ಅದು ಸುಮಾರು 25 ಕಿಲೋಗ್ರಾಂ ತೂಕಕ್ಕೆ ಸಮ. 2 ಮೀಟರು ಇದ್ದರೆ ಸುಮಾರು 100. 3 ಮೀಟರು ಇದ್ದರೆ ಸುಮಾರು 230. ಮೂರು ಮೀಟರು ವೇಗದ ನೀರಿಗೆ ಸಮನಾದ ಒತ್ತಡವನ್ನು ಗಾಳಿಯಿಂದ ಪಡೆಯಬೇಕಾದರೆ ಆ ಗಾಳಿ ಗಂಟೆಗೆ 300 ಕಿಲೋಮೀಟರು ವೇಗದಿಂದ ಬೀಸಬೇಕು!

ಇನ್ನೊಂದು ಮಾತನ್ನು ಗಮನಿಸಬೇಕು. ಸಮುದ್ರದ ತೆರೆ ಬಡಿದು ಹಿಂದೆ ಸರಿಯುತ್ತದೆ; ಬಿದ್ದವನಿಗೆ ಏಳಲು ಒಂದು ಕ್ಷಣ ದೊರೆಯುತ್ತದೆ. ನದಿ ಹಾಗಲ್ಲ. ಅದರ ಒತ್ತು ಎಡೆಬಿಡದುದು. ಒಂದು ದೋಣಿ ಬಂಡೆಗೆ ಅಡ್ಡಲಾಗಿ ಸಿಕ್ಕಿಕೊಂಡು ಮೂರು ಚದರ ಮೀಟರಿನಷ್ಟು ಭಾಗ ಪ್ರವಾಹಕ್ಕೆ ಎದುರಾದರೆ, ಮೇಲಿನ ಲೆಕ್ಕದ ಪ್ರಕಾರವೇ ಸುಮಾರು ಒಂದೂಕಾಲು ಟನ್ನಿಗೂ ಮಿಗಿಲಾದ ಬಲ ಅದರ ಮೇಲೆ ಸತತವಾಗಿ ಬೀಳುತ್ತದೆ. ನಾಲ್ಕು ಮಂದಿ ಸೇರಿದರೂ ಅದನ್ನು ಕೀಳಲಾಗುವುದಿಲ್ಲ.

ದೋಣಿ ಬಂಡೆಗೆ ತಗಲುವ ಗಳಿಗೆಯಲ್ಲಿ ಕುಳಿತವರು ಸಹಜವಾಗಿ ಬಂಡೆಗೆ ಹೆದರಿ ಅದರಿಂದ ದೂರಕ್ಕೆ, ಎಂದರೆ ಪ್ರವಾಹ ಬರುವ ಕಡೆಗೆ, ವಾಲುತ್ತಾರೆ. ಇದೇ ಅನಾಹುತಕ್ಕೆ ಮೂಲ. ಆ ಕಡೆಯ ಅಂಚು ತಗ್ಗಿದೊಡನೆ ನೀರು ಅದರ ಮೇಲೆ ಹತ್ತಿ ದೋಣಿಯನ್ನು ಮಗುಚಿ ಬಂಡೆಗೆ ಒತ್ತಿ ಹಿಡಿಯುತ್ತದೆ. ಬಂಡೆಯ ಕಡೆಗೇ ವಾಲಿ ಅದನ್ನು ತಬ್ಬಿಕೊಳ್ಳುವಂತೆ ಬಾಗಿದರೆ, ಎದುರಂಚು ಮೇಲೇಳುತ್ತದೆ. ನೀರು ತಳದಡಿಯಲ್ಲಿ ಹರಿದುಹೋಗುತ್ತದೆ. ದೋಣಿ ಜಾರಿ ಪಾರಾಗುವ ಸಂಭವ ಉಂಟು. ಹೆದರಿದ ಮೈ ಒಂದು ದಾರಿ ಹಿಡಿದರೆ ಶಾಸ್ತ್ರ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಆದುದರಿಂದಲೇ ಅಭ್ಯಾಸ ಬೇಕು.

ನೀರಿನ ಲಿಪಿ

ನದಿಯ ಮೇಲ್ಮೈಯಲ್ಲಿ ಕಾಣುವ ಗುರುತುಗಳನ್ನು ಈಗ ಒಂದೊಂದಾಗಿ ನೋಡೋಣ.

ಎರಡು ಬಂಡೆಗಳ ನಡುವೆ ಆಳವಾದ ದಾರಿ ಇದ್ದರೆ, ಅದರ ಎರಡು ಬದಿಗಳಿಂದ ಅಲೆಗಳು ಹೊರಟು ಕೆಳಗೆ ಒಂದುಗೂಡುತ್ತವೆ. ಮೇಲಿನಿಂದ ನೋಡುವವನಿಗೆ ಅದು ಚೂಪು ತುದಿಯನ್ನು ಕೆಳಕ್ಕೆ ಚಾಚಿದ ನುಣುಪಾದ ನಾಲಗೆಯಂತೆ ಕಾಣುತ್ತದೆ. ಸಾಮಾನ್ಯವಾಗಿ ಇದೇ ದಾರಿ. ಇದಕ್ಕೆ ವಿರುದ್ಧವಾಗಿ ಚೂಪು ತುದಿ ಮೇಲಕ್ಕೆ, ಎಂದರೆ ನಮ್ಮ ಕಡೆಗೆ, ಇದ್ದರೆ ಆ ತುದಿಯಲ್ಲಿ ಬಂಡೆಯೊಂದು ಅಡಗಿದೆಯೆಂದು ಅರ್ಥ.

ಬಂಡೆಯ ಹಿಂಬದಿಯಲ್ಲಿ ನೀರಿನ ಮಟ್ಟ ತುಸು ತಗ್ಗಿರುತ್ತದೆ. ಅದನ್ನು ತುಂಬಲು ಕೆಳಗಿನ ನೀರು ಮೇಲಕ್ಕೆ ತಿರುಗಿ ಹರಿಯುತ್ತದೆ. ಇದನ್ನು ‘ಮರೆನೀರು’ ಎನ್ನೋಣ. ಬಿರುಸೆಳವಿನ ನಡುವೆ ದಣಿವಾರಿಸಿಕೊಳ್ಳಲು, ಮುಂದಿನ ದಾರಿಯನ್ನು ನೋಡಲು, ಸಂಗಡಿಗರಿಗೆ ಕಾಯಲು ಇರುವ ತಂಗುದಾಣ ಇದೇ. ನುರಿತ ಅಂಬಿಗನು ಬಿರುಸೆಳವನ್ನು ಒಂದೇ ಉಸಿರಿನಲ್ಲಿ ಇಳಿಯುವುದಿಲ್ಲ. ಒಂದು ಮರೆನೀರಿನಿಂದ ಇನ್ನೊಂದಕ್ಕೆ ಮೆಟ್ಟಿಲಿಳಿಯುವಂತೆ ಇಳಿಯುತ್ತಾನೆ. ಮುಂದಿನ ಮರೆನೀರು ಕಾಣದಿದ್ದಲ್ಲಿ ಈಗಿರುವುದನ್ನು ಬಿಡುವುದಿಲ್ಲ.

ನದಿಯ ಮುಂದಿನ ಭಾಗ ಥಟ್ಟನೆ ಕಾಣದಂತಾಗಿ, ನೀರು ಒಂದು ನೇರವಾದ ಗೆರೆಯಲ್ಲಿ ಕೊನೆಗೊಂಡಂತೆ ತೋರಿದರೆ, ಅದು ಎಲ್ಲಕ್ಕಿಂತ ಮುಖ್ಯವಾದ ಸೂಚನೆ. ಅಲ್ಲಿ ನೀರು ಕೆಳಕ್ಕೆ ಬೀಳುತ್ತಿದೆ. ಎಷ್ಟು ಎತ್ತರದಿಂದ, ಯಾವುದರ ಮೇಲೆ ಎಂಬುದನ್ನು ದೋಣಿಯಲ್ಲಿ ಕುಳಿತು ತಿಳಿಯಲಾಗುವುದಿಲ್ಲ. ದಡಕ್ಕೆ ಹಚ್ಚಿ ನಡೆದು ನೋಡಲೇಬೇಕು.

ಹೊರಳುಸುಳಿ

ಬಿರುಸೆಳವಿನಲ್ಲಿ ಕಾಣುವ ಒಂದು ವಿಚಿತ್ರವನ್ನು ವಾಚಕರು ಮನೆಯಲ್ಲಿಯೇ ನೋಡಬಹುದು. ಚಪ್ಪಟೆಯಾದ ತಟ್ಟೆಯೊಂದನ್ನು ನಲ್ಲಿಯ ಕೆಳಗಿಟ್ಟು ಸಣ್ಣಗೆ ನೀರು ಬಿಡಿ. ನೀರು ಬಿದ್ದ ಎಡೆಯ ಸುತ್ತಲೂ ತೆಳುವಾದ, ನುಣುಪಾದ ಒಂದು ವೃತ್ತ ಕಾಣುತ್ತದೆ. ಅದರ ಅಂಚಿನಲ್ಲಿ ನೀರು ಥಟ್ಟನೆ ದಪ್ಪವಾಗಿ ಏರಿ ನಿಲ್ಲುತ್ತದೆ. ವೃತ್ತದೊಳಗೆ ನೀರು ವೇಗವಾಗಿ ಹರಿಯುತ್ತದೆ, ಹೊರಗೆ ನಿಧಾನವಾಗಿ. ಇದನ್ನು ನೀರಿನ ನೆಗೆತ ಎನ್ನಬಹುದು.

ನದಿಯಲ್ಲಿ ನಡೆಯುವುದೂ ಇದನ್ನು ಹೋಲುತ್ತದೆ. ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ಒಂದು ಮೀಟರು ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 3.1 ಮೀಟರು. ಬಂಡೆಯ ಮೇಲಿನಿಂದ ಇಳಿಯುವ ನೀರು ಅಲೆಗಿಂತ ವೇಗವಾಗಿ ಓಡುತ್ತದೆ. ಕೆಳಗಿನ ಆಳದ ನೀರನ್ನು ಸೇರಿದಾಗ ಅದು ಥಟ್ಟನೆ ನಿಧಾನವಾಗಬೇಕು. ಹಾಗೆ ನಿಧಾನವಾಗುವಾಗ ಅದರ ಶಕ್ತಿಯ ದೊಡ್ಡ ಪಾಲು ನೊರೆಯಾಗಿ, ಮೊರೆತವಾಗಿ, ಸುಳಿಯಾಗಿ ವ್ಯಯವಾಗುತ್ತದೆ. ನೀರಿನ ವೇಗಕ್ಕೂ ಅಲೆಯ ವೇಗಕ್ಕೂ ಇರುವ ಈ ಪ್ರಮಾಣಕ್ಕೆ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರನ ಹೆಸರನ್ನು ಇಟ್ಟಿದ್ದಾರೆ.

ನೆಗೆತ ಇಳಿಜಾರಾಗಿದ್ದರೆ ಅಲೆಗಳು ಸಾಲಾಗಿ ನಿಂತಲ್ಲಿಯೇ ನಿಂತಿರುತ್ತವೆ. ದೋಣಿ ಅವುಗಳನ್ನು ಏರಿಳಿದು ಸಾಗುತ್ತದೆ. ಇಳಿತ ಕಡಿದಾಗಿದ್ದರೆ ಬೀಳುವ ನೀರು ತಳಕ್ಕೆ ಮುಳುಗಿ, ಮೇಲಿನ ಪದರ ಮಾತ್ರ ಹಿಂದಕ್ಕೆ, ಬೀಳುವ ನೀರಿನ ಕಡೆಗೇ, ಹೊರಳುತ್ತದೆ. ಇದೇ ಹೊರಳುಸುಳಿ. ಬಾವಿಯ ಸುಳಿಯಂತೆ ಇದು ಬುಗುರಿಯ ಹಾಗೆ ತಿರುಗುವುದಿಲ್ಲ. ಮಲಗಿಸಿದ ಉರುಳೆಯಂತೆ ಉರುಳುತ್ತದೆ. ಸಿಕ್ಕಿದ ದೋಣಿಯನ್ನಾಗಲಿ ಮನುಷ್ಯನನ್ನಾಗಲಿ ಬೀಳುವ ನೀರಿನಡಿಗೆ ಎಳೆದು, ಮುಳುಗಿಸಿ, ತುಸು ಕೆಳಗೆ ಎಬ್ಬಿಸಿ, ಮತ್ತೆ ಎಳೆಯುತ್ತದೆ. ಅಲ್ಲಿನ ನೊರೆಯಲ್ಲಿ ಅರ್ಧದಷ್ಟು ಗಾಳಿ ಬೆರೆತಿದ್ದರೆ ಅದರ ತೇಲಿಸುವ ಶಕ್ತಿಯೂ ಅರ್ಧಕ್ಕೆ ಇಳಿದಿರುತ್ತದೆ. ಬಂಡೆಗಳಿಂದಾದ ಹೊರಳುಸುಳಿಗೆ ಸಾಮಾನ್ಯವಾಗಿ ಎರಡು ತುದಿಗಳಿರುತ್ತವೆ. ಆ ತುದಿಗಳ ಕಡೆಗೆ, ಎಂದರೆ ಅಡ್ಡಲಾಗಿ, ಈಜಿ ಹೊರಬೀಳಲು ಯತ್ನಿಸಬೇಕು.

1983ರ ಬೇಸಗೆಯಲ್ಲಿ ಹಿಮ ಕರಗಿ ಬಂದ ನೆರೆಯಿಂದ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ತುಂಬಿ, ಸೆಕೆಂಡಿಗೆ ಸುಮಾರು 2,600 ಘನ ಮೀಟರು ನೀರನ್ನು ಕೆಳಕ್ಕೆ ಬಿಡಬೇಕಾಯಿತು. ಕ್ರಿಸ್ಟಲ್‌ನ ಇಕ್ಕಟ್ಟಿನಲ್ಲಿ ಎದ್ದ ನೆಗೆತ ದೊಡ್ಡ ದೊಡ್ಡ ಯಂತ್ರದೋಣಿಗಳನ್ನೇ ಮಗುಚಿಹಾಕಿತು. ಒಬ್ಬ ಪ್ರಯಾಣಿಕನು ಅಸುನೀಗಿದನು. ಪ್ರಯಾಣಿಕರು ದೋಣಿಯಿಂದ ಇಳಿದು ಆ ತಾಣವನ್ನು ದಡದ ಮೇಲೆ ನಡೆದು ದಾಟಬೇಕೆಂದು ಅಲ್ಲಿನ ಅಧಿಕಾರಿಗಳು ಕಟ್ಟುಮಾಡಿದರು. ಅದೇ ಸಮಯದಲ್ಲಿ ಸೂಸನ್ ಕೀಫರ್ ಎಂಬ ಭೂವಿಜ್ಞಾನಿಯು ಅಲ್ಲಿ ಅಧ್ಯಯನ ನಡೆಸಿ, ಆ ಅಲೆ ಅಡಗಿದ ಬಂಡೆಯೊಂದರಿಂದ ಮಾತ್ರ ಹುಟ್ಟಿದುದಲ್ಲ, ಇಕ್ಕಟ್ಟಿನಿಂದ ಹೊರಬಿದ್ದ ನೀರಿನ ನೆಗೆತವೇ ಹೌದೆಂದು ವಿವರಿಸಿದಳು.

ಸದ್ದಿಲ್ಲದ ಅಪಾಯಗಳು

ಇದುವರೆಗೆ ಹೇಳಿದುದು ಕಣ್ಣಿಗೂ ಕಿವಿಗೂ ತಿಳಿಯುವ ಅಪಾಯ. ಇದಕ್ಕಿಂತ ಘೋರವಾದ ಮೂರು ಅಪಾಯಗಳು ಹೆಚ್ಚು ಸದ್ದು ಮಾಡುವುದಿಲ್ಲ. ಮೊರೆಯುವ ಬಿರುಸೆಳವನ್ನು ಕಂಡು ಜನರು ಹೆದರುತ್ತಾರೆ, ಆದುದರಿಂದ ಎಚ್ಚರ ವಹಿಸುತ್ತಾರೆ. ಈ ಮೂರನ್ನು ಕಂಡು ಹೆದರುವುದೇ ಇಲ್ಲ.

ಮೊದಲನೆಯದು, ನೀರಿಗೆ ಅಡ್ಡಬಿದ್ದ ಮರ. ಬುಡ ಸವೆದು ಬಿದ್ದ ಮರದ ಕೊಂಬೆರೆಂಬೆಗಳ ನಡುವೆ ನೀರು ನಿರಾಯಾಸವಾಗಿ ಹಾದುಹೋಗುತ್ತದೆ, ಮನುಷ್ಯನು ಹಾದುಹೋಗಲಾರನು. ದೋಣಿಯವರು ಇದನ್ನು ‘ಜರಡಿ’ ಎಂದೇ ಕರೆಯುತ್ತಾರೆ. ನೀರು ತಡೆಯಿಲ್ಲದೆ ಹಾಯುವುದರಿಂದ ಬಂಡೆಯ ಮುಂದೆ ಏಳುವಂಥ ದಿಂಬಿನಾಕಾರದ ಅಲೆ ಇಲ್ಲಿ ಏಳುವುದಿಲ್ಲ. ಸಿಕ್ಕಿದವನನ್ನು ಪಕ್ಕಕ್ಕೆ ತಳ್ಳುವ ಶಕ್ತಿಯೇ ಇಲ್ಲ. ದೂರದಿಂದಲೇ ತಪ್ಪಿಸಿಕೊಳ್ಳುವುದು ಉತ್ತಮ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲವಾದರೆ, ತಲೆ ಮುಂದಾಗಿ ತಿರುಗಿ, ಮರದ ಕಡೆಗೇ ಬಲವಾಗಿ ಈಜಿ, ಅದರ ಮೇಲಕ್ಕೆ ಹಾರಿ ಹತ್ತಿಕೊಳ್ಳಬೇಕು. ಕಾಲು ಮುಂದಾಗಿ ಹೋದವನು ಅದರ ಅಡಿಗೆ ಸೇರುತ್ತಾನೆ.

ಎರಡನೆಯದು, ತಳದ ಕಲ್ಲುಸಂದು. ದೋಣಿಯಿಂದ ಬಿದ್ದವನಿಗೆ ನೆಲ ಸಿಕ್ಕಿದೊಡನೆ ಎದ್ದುನಿಲ್ಲುವ ಆಸೆ ಸಹಜ. ತೊಡೆಮಟ್ಟದ ನೀರು, ಹೆದರಿಕೆಯೇಕೆ ಎಂದು ಕಾಲೂರುತ್ತಾನೆ. ಪಾದ ಎರಡು ಕಲ್ಲುಗಳ ನಡುವೆ ಸಿಕ್ಕುತ್ತದೆ. ಹಿಂದಿನಿಂದ ನೂರಾರು ಕಿಲೋಗ್ರಾಂ ಬಲ ಬೆನ್ನನ್ನು ಮುಂದಕ್ಕೆ ಕೆಡವುತ್ತದೆ, ಮುಖ ನೀರಿನೊಳಗೆ ಹೋಗುತ್ತದೆ, ಕಾಲು ಬಿಡುವುದಿಲ್ಲ. ಲೇಖನದ ಆರಂಭದಲ್ಲಿ ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರ ಇದು. ರಭಸದ ನೀರಿನಲ್ಲಿ ಬಿದ್ದವನು ಬೆನ್ನ ಮೇಲೆ ಮಲಗಿ, ಎರಡು ಕಾಲುಗಳನ್ನೂ ಕೆಳದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಎತ್ತಿ ಹಿಡಿದು ತೇಲಬೇಕು. ಬಂಡೆ ಬಂದರೆ ಪಾದಗಳಿಂದ ಒದ್ದು ತಪ್ಪಿಸಿಕೊಳ್ಳಬೇಕು. ಮರೆನೀರು ಹತ್ತಿರವಾದಾಗ ಬೋರಲಾಗಿ ತಿರುಗಿ ಬಿರುಸಾಗಿ ಈಜಿ ಅದನ್ನು ಸೇರಬೇಕು. ಕೈಗಳು ತಳಕ್ಕೆ ತಗಲುವಷ್ಟು ನೀರು ಕಡಿಮೆಯಾಗುವ ವರೆಗೆ, ಇಲ್ಲವೆ ನೀರಿನ ಓಟ ನಿಲ್ಲುವ ವರೆಗೆ, ಎದ್ದುನಿಲ್ಲಬಾರದು.

ಮೂರನೆಯದು, ಮನುಷ್ಯನೇ ಕಟ್ಟಿದ ತಗ್ಗಾದ ಅಣೆ. ನದಿಗೆ ಅಡ್ಡಲಾಗಿ ದಡದಿಂದ ದಡಕ್ಕೆ ಸಮನಾಗಿ ಕಟ್ಟಿದ ಗೋಡೆಯ ಮೇಲೆ ನೀರು ಹಾಳೆಯಂತೆ ಇಳಿಯುವಾಗ ಬುಡದಲ್ಲಿ ಒಂದೇ ಸಮನಾದ ಹೊರಳುಸುಳಿ ಹುಟ್ಟುತ್ತದೆ. ನೋಡಲು ಒಂದೆರಡು ಮೀಟರಿನ ಇಳಿತ; ಬಹಳ ಸುಂದರ. ಆದರೆ ಬಂಡೆಯ ಹೊರಳುಸುಳಿಗೆ ಇರುವ ತುದಿಗಳು ಇದಕ್ಕೆ ಇಲ್ಲ. ಎರಡು ಕಡೆಯೂ ಕಲ್ಲಿನ ಗೋಡೆ. ಸಿಕ್ಕಿದವನನ್ನು ಬಿಡಿಸಲು ಹೋದವರೂ ಸಿಕ್ಕಿಕೊಳ್ಳುವುದುಂಟು. ಅಮೆರಿಕದ ರಕ್ಷಣಾದಳದವರು ಇದಕ್ಕೆ ಮುಳುಗಿಸುವ ಯಂತ್ರವೆಂದು ಹೆಸರಿಟ್ಟಿದ್ದಾರೆ. ಕಾವೇರಿ, ತುಂಗಭದ್ರಾ ಮುಂತಾದ ನಮ್ಮ ನದಿಗಳಲ್ಲಿಯೂ ನಾಲೆಗಳಿಗಾಗಿ ಕಟ್ಟಿದ ಹಳೆಯ ಅಣೆಗಳೂ ಹೊಸ ಒಡ್ಡುಗಳೂ ಹಲವಿವೆ. ಇಂಥ ಎಡೆಗಳಿಗೆ ವಿದ್ಯಾರ್ಥಿಗಳು ವಿಹಾರಕ್ಕೆ ಹೋಗುವುದೂ ಉಂಟು. ನೀರು ತುಂಬಿ ಹರಿಯುವಾಗ ಇವುಗಳ ಮೇಲಾಗಲಿ ಬುಡದಲ್ಲಾಗಲಿ ಇಳಿಯದಿರುವುದೊಂದೇ ದಾರಿ.

ಅಣೆಕಟ್ಟಿನ ಕೆಳಗಿನ ನದಿಗೆ ಇನ್ನೊಂದು ಗುಣವಿದೆ. ಮೋಡವಿಲ್ಲದ ದಿನವೂ ಅಲ್ಲಿ ನೀರು ಏರಬಹುದು. ಕಾಳೀ ನದಿಯಲ್ಲಿ ಗಣೇಶಗುಡಿ, ದಾಂಡೇಲಿಗಳ ಬಳಿ ರಬ್ಬರು ತೆಪ್ಪಗಳಲ್ಲಿ ಇಳಿಯುವ ವಿನೋದವನ್ನು ನಮ್ಮ ವಾಚಕರಲ್ಲಿ ಕೆಲವರು ಅನುಭವಿಸಿರಬಹುದು. ಮೇಲಿನ ಸೂಪಾ ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆಂಬುದರ ಮೇಲೆಯೇ ಅಲ್ಲಿನ ಬಿರುಸೆಳವುಗಳ ಸ್ವರೂಪ ನಿಂತಿದೆ. ಕಲ್ಲಿನ ಮೇಲೆ ಬಟ್ಟೆಯಿಟ್ಟು ಮೀಯುವವನು ಈ ಸಂಗತಿಯನ್ನು ಮರೆಯಬಾರದು.

ಸಿದ್ಧತೆ

ಬಿರುಸೆಳವುಗಳನ್ನು ಅವುಗಳ ಕಾಠಿಣ್ಯಕ್ಕೆ ತಕ್ಕಂತೆ ಒಂದರಿಂದ ಆರರ ವರೆಗೆ ದರ್ಜೆಗಳಾಗಿ ವಿಂಗಡಿಸಿರುವ ಅಂತರರಾಷ್ಟ್ರೀಯ ಪದ್ಧತಿಯೊಂದಿದೆ. ಒಂದನೆಯದು ಸಣ್ಣ ಅಲೆಗಳ ಸುಲಭವಾದ ನೀರು. ಮೂರನೆಯದರಲ್ಲಿ ದೋಣಿಯನ್ನು ಬೇಕಾದಂತೆ ತಿರುಗಿಸುವ ಕುಶಲತೆ ಬೇಕು. ಐದನೆಯದು ಮಹಾನಿಪುಣರಿಗೆ ಮಾತ್ರ. ಆರನೆಯದರಲ್ಲಿ ತಪ್ಪಿದರೆ ಪ್ರಾಣವೇ ಹೋಗಬಹುದು, ರಕ್ಷಣೆಯೂ ಅಸಾಧ್ಯವಾಗಬಹುದು. ಈ ದರ್ಜೆ ಸ್ಥಿರವಾದುದಲ್ಲ. ಮಳೆ ಬಂದರೆ, ನೀರು ತಣ್ಣಗಿದ್ದರೆ, ತಾಣ ದೂರದ್ದಾಗಿದ್ದರೆ ಒಂದು ದರ್ಜೆ ಹೆಚ್ಚೆಂದೇ ಎಣಿಸಬೇಕು.

ಮನುಷ್ಯನ ದೇಹದ ಸಾಂದ್ರತೆ ನೀರಿನದಕ್ಕೆ ಬಹಳ ಹತ್ತಿರ; ಆದುದರಿಂದ ತಲೆಯನ್ನು ನೀರಿನ ಮೇಲೆ ಹಿಡಿಯಲು ಬೇಕಾದುದು ಕೆಲವೇ ಕಿಲೋಗ್ರಾಂಗಳ ಆಸರೆ. ಸಾಧಾರಣ ಲೈಫ್ ಜಾಕೆಟ್ಟು ಸುಮಾರು 7 ಕಿಲೋಗ್ರಾಮಿನಷ್ಟು ಆಸರೆ ಕೊಡುತ್ತದೆ. ಆದರೆ ಅದು ಮೈಗೆ ಬಿಗಿಯಾಗಿರಬೇಕು. ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆತ್ತಿದಾಗ ಕಿವಿಯ ತನಕ ಬರುವ ಜಾಕೆಟ್ಟು ನೀರಿನಲ್ಲಿ ತಲೆಯ ಮೇಲೆ ಹೋಗುತ್ತದೆ. ತಲೆಗೆ ಶಿರಸ್ತ್ರಾಣ, ಕಾಲಿಗೆ ಕಳಚದ ಪಾದರಕ್ಷೆ ಅವಶ್ಯಕ.

ತಣ್ಣೀರನ್ನು ಕುರಿತು ಬೇರೆಯೇ ಎಚ್ಚರ ಬೇಕು. ಗ್ಲೆನ್ ಕ್ಯಾನಿಯನ್ ಸರೋವರದ ಆಳದಿಂದ ಬರುವ ಕೊಲರಾಡೊವಿನ ನೀರು ಹಲವು ದಶಕಗಳ ಕಾಲ ಕಡುಬೇಸಗೆಯಲ್ಲಿಯೂ ಸುಮಾರು 10 ಡಿಗ್ರಿ ಸೆಂಟಿಗ್ರೇಡಿನಷ್ಟೇ ಇರುತ್ತಿತ್ತು. ಇಂಥ ನೀರಿನಲ್ಲಿ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿಯೇ ಏದುಸಿರಾಗುತ್ತದೆ. ಆಗ ತಲೆ ನೀರಿನೊಳಗಿದ್ದರೆ ನೀರು ಶ್ವಾಸಕೋಶವನ್ನು ಸೇರುತ್ತದೆ. ಆಮೇಲೆ ಬೆರಳುಗಳು ಮರಗಟ್ಟುತ್ತ ಹೋಗಿ ಹಗ್ಗ ಹಿಡಿಯುವ ಶಕ್ತಿಯೂ ಉಳಿಯುವುದಿಲ್ಲ.

ರಕ್ಷಣೆಗೆ ಒಂದು ಕ್ರಮವುಂಟು. ದಡದಿಂದ ಕೈಯನ್ನೋ ಕೋಲನ್ನೋ ಚಾಚುವುದು ಮೊದಲನೆಯದು. ಹಗ್ಗ ಎಸೆಯುವುದು ಎರಡನೆಯದು. ದೋಣಿಯಲ್ಲಿ ಹೋಗುವುದು ಮೂರನೆಯದು. ನೀರಿಗೆ ಧುಮುಕುವುದು ಎಲ್ಲಕ್ಕಿಂತ ಕೊನೆಯದು, ಅದೂ ತರಬೇತಿ ಪಡೆದವರಿಗೆ ಮಾತ್ರ. ಹಗ್ಗವನ್ನು ಎಂದಿಗೂ ಮೈಗೆ ಕಟ್ಟಿಕೊಳ್ಳಬಾರದು. ಕಟ್ಟಿದ ಹಗ್ಗ ಬಿಗಿಯಾದಾಗ ಪ್ರವಾಹ ಮನುಷ್ಯನನ್ನು ಗಾಳಿಪಟದಂತೆ ಎಳೆದು ನೀರಿನಡಿಗೆ ಒತ್ತುತ್ತದೆ. ಬಿದ್ದವನು ಹಗ್ಗವನ್ನು ಕೈಯಲ್ಲಿ ಹಿಡಿದು ಹೆಗಲ ಮೇಲೆ ಹಾಯಿಸಿಕೊಂಡು ಬೆನ್ನ ಮೇಲೆ ಮಲಗಿದರೆ, ಹಗ್ಗವೇ ಅವನನ್ನು ದಡದ ಕಡೆಗೆ ತೂಗಿ ತರುತ್ತದೆ.

ಬಿರುಸೆಳವಿನ ವಿದ್ಯೆ ಹೊಸದಾದರೂ ನದಿಯನ್ನು ಓದುವುದು ನಮ್ಮ ನಾಡಿಗೆ ಹೊಸದಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಜನರನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ, ಹೊರಗೆ ಚರ್ಮ ಹೊದಿಸಿದ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ. ಚಪ್ಪಟೆ ತಳ, ಕಡಿಮೆ ಭಾರ, ಯಾವ ದಿಕ್ಕಿಗಾದರೂ ಸರಿಯುವ ಗುಣ: ಪೊವೆಲನ ಓಕ್ ದೋಣಿಗಳಿಗೆ ಇಲ್ಲದುದು ನಮ್ಮ ಹರಿಗೋಲಿಗೆ ಇತ್ತು.

ಇಷ್ಟೆಲ್ಲ ವಿದ್ಯೆಯ ಸಾರವನ್ನು ಒಂದು ಮಾತಿನಲ್ಲಿ ಹೇಳಬಹುದು. ಬಿರುಸೆಳವನ್ನು ಇಳಿಯುವುದೋ ಬಿಡುವುದೋ ಎಂಬುದು ದಡದ ಮೇಲೆ, ನೋಡಿ, ಲೆಕ್ಕಹಾಕಿ ತೀರ್ಮಾನವಾಗಬೇಕು. ನೀರಿನೊಳಗೆ ಇಳಿದ ಮೇಲೆ ತೀರ್ಮಾನ ನದಿಯದಾಗುತ್ತದೆ. ದೋಣಿಯನ್ನು ಹೊತ್ತು ನಡೆದು ಹೋದವನು ಸೋತವನಲ್ಲ. ಕೊಲರಾಡೊವನ್ನು ಮೊದಲು ಗೆದ್ದವನೆಂದು ಹೆಸರಾದ ಪೊವೆಲನು ಎಷ್ಟೋ ತಾಣಗಳನ್ನು ದಾಟಿದ್ದು ಹಾಗೆಯೇ. ನಮ್ಮ ವಾಚಕರಲ್ಲಿ ಬಹುಮಂದಿ ಎಂದಿಗೂ ಬಿರುಸೆಳವಿನಲ್ಲಿ ದೋಣಿ ನಡೆಸದಿರಬಹುದು. ಆದರೆ ಗೆಳೆಯರೊಡನೆ ಹೊಳೆಯ ದಡದಲ್ಲಿ ನಿಲ್ಲದವರು ಯಾರು? ಅಂದು ನೀರಿಗೆ ಕಾಲಿಡುವ ಮೊದಲು ಒಂದು ಗಳಿಗೆ ನಿಂತು ನೋಡಿರಿ. ನೀರು ಯಾವ ವೇಗದಲ್ಲಿ ಓಡುತ್ತಿದೆ? ಅದು ಹಾಯುವ ಎಡೆಯಲ್ಲೆಲ್ಲ ಮನುಷ್ಯನೂ ಹಾಯಬಲ್ಲನೆ? ಕೆಳಗೆ ಏನಿದೆ? ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ತಿಳಿಯದಿದ್ದರೂ ಆ ದಿನ ದಡವೇ ಲೇಸು.